ರಾಯಚೂರಿನ ನೀರು ಕುಡಿದ ಕಾಫಿ ಯಂತ್ರ

ಬೆಳಗಿನ ನಾಲ್ಕೂ ಮುಕ್ಕಾಲಿಗೆ ನನಗೆ ಎಚ್ಚರವಾಗುತ್ತದೆ. ಶಕ್ತಿನಗರದ ಥರ್ಮಲ್ ಸ್ಟೇಷನ್ನಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ವರ್ಷಗಟ್ಟಲೆ ಪಾಳಿ ಮಾಡಿದ ದೇಹ ಇದು. ನಿವೃತ್ತಿಯಾಗಿ ಆರು ವರ್ಷ ಕಳೆದರೂ ಆ ಗಡಿಯಾರವನ್ನು ಬಿಟ್ಟಿಲ್ಲ. ಹೆಂಡತಿ ಏಳುವುದು ಆರಕ್ಕೆ, ಹಾಲು ಬರುವುದು ಆರೂವರೆಗೆ. ಅಲ್ಲಿಯವರೆಗೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡದೆ ಒಂದು ಕಪ್ ಕಾಫಿ ಸಿಕ್ಕರೆ ನನ್ನ ದಿನ ನೆಟ್ಟಗಾಗುತ್ತದೆ. ಇದನ್ನು ಗಮನಿಸಿಯೇ ಮಗಳು ಮೂರು ವರ್ಷದ ಹಿಂದೆ ದೀಪಾವಳಿಗೆ ಬಂದಾಗ ಒಂದು ಕ್ಯಾಪ್ಸೂಲ್ ಕಾಫಿ ಯಂತ್ರ ತಂದುಕೊಟ್ಟಳು. ಕ್ಯಾಪ್ಸೂಲ್ ಎಂದರೆ ಒಂದು ಕಪ್ಪಿಗಾಗುವಷ್ಟು ಕಾಫಿ ಪುಡಿ ತುಂಬಿ ಮುಚ್ಚಿದ ಪುಟ್ಟ ಪೊಟ್ಟಣ. ಮೂರು ವರ್ಷ ದಿನಕ್ಕೆ ಎರಡು ಮೂರು ಬಾರಿ ಬಳಸಿದ ಮೇಲೆ ಅದರ ಬಗ್ಗೆ ಬರೆಯುತ್ತಿದ್ದೇನೆ. ಬೆಂಗಳೂರಿನ ನೀರಿಗೆ ಬರೆದ ರಿವ್ಯೂಗಳು ಬೇಕಾದಷ್ಟಿವೆ. ನಮ್ಮ ರಾಯಚೂರಿನ ಬೋರಿನ ನೀರಿಗೆ ಬರೆದದ್ದು ನನಗೆ ಒಂದೂ ಸಿಗಲಿಲ್ಲ.

ನಮ್ಮ ಕಡೆ ಚಹಾದ್ದೇ ರಾಜ್ಯ. ನನಗೆ ಕಾಫಿ ಹಚ್ಚಿದವರು ಹಾಸನದ ಕಡೆಯಿಂದ ಬಂದಿದ್ದ ಸೀನಿಯರ್ ಒಬ್ಬರು. ರಾತ್ರಿ ಪಾಳಿಯಲ್ಲಿ ಎರಡು ಗಂಟೆಯ ನೀರಿನ ಸ್ಯಾಂಪಲ್ ನೋಡಿ ಮುಗಿಸಿ, ಲ್ಯಾಬಿನ ಹಾಟ್‌ಪ್ಲೇಟಿನ ಮೇಲೆ ಡಿಕಾಕ್ಷನ್ ಬಿಸಿ ಮಾಡಿ ಕೊಡುತ್ತಿದ್ದರು. ನಮ್ಮ ಆ ಥರ್ಮಲ್ ಸ್ಟೇಷನ್ನಿನ, ಅಂದರೆ ಆರ್‌ಟಿಪಿಎಸ್‌ನ ಮೊದಲ ಘಟಕ ಶುರುವಾದದ್ದು 1985ರಲ್ಲಿ. ನೆಸ್ಪ್ರೆಸೊ ಕ್ಯಾಪ್ಸೂಲ್ ಸ್ವಿಟ್ಜರ್ಲೆಂಡಿನಲ್ಲಿ ಮಾರುಕಟ್ಟೆಗೆ ಬಂದದ್ದು ಅದರ ಮರುವರ್ಷ, 1986ರಲ್ಲಿ. ನನ್ನ ಯಂತ್ರ ಬೇರೊಂದು ಕಂಪನಿಯದು, ಆದರೆ ಹಿಡಿಯುವುದು ಅದೇ ಅಳತೆಯ ಕ್ಯಾಪ್ಸೂಲನ್ನು. ಕಂಪನಿಯ ಹೆಸರು ಬರೆಯುವುದಿಲ್ಲ. ಮುಂದೆ ಹೇಳುವ ತೊಂದರೆಗಳಲ್ಲಿ ಹೆಚ್ಚಿನವು ನೀರಿನವು. ಯಾವ ಕಂಪನಿಯ ಯಂತ್ರ ಇಟ್ಟರೂ ನಮ್ಮೂರಲ್ಲಿ ಅವು ಬಂದೇ ಬರುತ್ತವೆ.

ಕೆಲಸ ಸರಳ. ಮುಕ್ಕಾಲು ಲೀಟರಿನ ಟ್ಯಾಂಕಿನಿಂದ ಸಣ್ಣ ಪಂಪ್ ನೀರೆಳೆದು ಥರ್ಮೋಬ್ಲಾಕ್ ಎನ್ನುವ ಅಲ್ಯೂಮಿನಿಯಂ ಗಟ್ಟಿಯೊಳಗೆ ನೂಕುತ್ತದೆ. ಆ ಗಟ್ಟಿಯಲ್ಲಿ ತೆಳು ಕೊಳವೆಯಂಥ ದಾರಿ ಸುತ್ತಿಕೊಂಡಿರುತ್ತದೆ. ಹಾದು ಹೋಗುತ್ತಲೇ ನೀರು ಕಾಯುತ್ತದೆ. ಕ್ಯಾಪ್ಸೂಲಿನ ಬೆನ್ನಿಗೆ ಮೂರು ಸೂಜಿ ಚುಚ್ಚಿ ನೀರು ಒಳಗೆ ಹೋಗುತ್ತದೆ, ಒತ್ತಡ ಏರಿದಾಗ ಮುಂದಿನ ಹಾಳೆ ಹರಿದು ಕಾಫಿ ಹೊರಗೆ ಬರುತ್ತದೆ. ಡಬ್ಬಿಯ ಮೇಲೆ 19 ಬಾರ್ ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತಾರಲ್ಲ, ಅದು ಪಂಪ್ ಕೊಡಬಲ್ಲ ಗರಿಷ್ಠ ಒತ್ತಡ, ಅಷ್ಟೇ. ಒಂದು ಗುಂಡಿಗೆ 40 ಮಿಲಿ ಎಸ್ಪ್ರೆಸೊ, ಇನ್ನೊಂದಕ್ಕೆ 110 ಮಿಲಿ ಲುಂಗೊ, ಅಂದರೆ ನೀರು ಹೆಚ್ಚಿರುವ ಕಾಫಿ. ಮೊದಲ ದಿನದಿಂದಲೇ ಕಾಫಿ ನನಗೆ ಹಿಡಿಸಿತು. ಮೇಲೆ ತೆಳ್ಳಗೆ ಬಂಗಾರದ ಬಣ್ಣದ ನೊರೆ, ಬಾಯಲ್ಲಿ ಉಳಿಯುವ ಕಹಿ. ಹಾಲು ಬೇಕಾದಾಗ ಎಮ್ಮೆ ಹಾಲನ್ನು ಬೇರೆ ಕಾಯಿಸಿ ಬೆರೆಸಿಕೊಳ್ಳುತ್ತೇನೆ. ಹಾಲನ್ನು ಟ್ಯಾಂಕಿಗೆ ಮಾತ್ರ ಯಾರೂ ಹಾಕಬೇಡಿ. ಮನೆಗೆ ಬಂದ ನೆಂಟರಿಗೂ ಮೊದಲೇ ಹೇಳಿಡಿ.

ಮೊದಲ ಒಂದೂವರೆ ವರ್ಷ ಯಾವ ತಕರಾರೂ ಇರಲಿಲ್ಲ. ಆರ್‌ಓ ನೀರು ಹಾಕುತ್ತಿದ್ದೆ. ಆಮೇಲೆ ಒಂದು ಬೇಸಿಗೆಯಲ್ಲಿ ಆರ್‌ಓ ಕೆಟ್ಟಿತು. ಮೆಂಬ್ರೇನ್ ಬದಲಿಸಬೇಕು ಎಂದರು. ಅಷ್ಟರಲ್ಲಿ ಮಗಳ ಹೆರಿಗೆ ಹತ್ತಿರ ಬಂತು, ಓಡಾಟ ಶುರುವಾಯಿತು, ಮೆಂಬ್ರೇನ್ ವಿಷಯ ಹಿಂದೆ ಬಿತ್ತು. ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದಿಂದ ಸ್ಕೂಟರಿನ ಮೇಲೆ ಕ್ಯಾನ್ ತರುತ್ತಿದ್ದೆವು. ಹೊತ್ತು ತಂದ ನೀರು, ಖರ್ಚು ಮಾಡಲು ಮನಸ್ಸು ಬರುವುದಿಲ್ಲ. ಯಂತ್ರಕ್ಕೆ ಬೋರಿನ ನೀರೇ ಸಾಕು, ಹೇಗೂ ಅದು ಕಾಯಿಸುತ್ತದಲ್ಲ ಎಂದುಕೊಂಡೆ. ಎರಡು ತಿಂಗಳು ಹಾಗೇ ನಡೆಯಿತು.

ನಮ್ಮ ಬೋರಿನ ನೀರಿನ ಟಿಡಿಎಸ್, ಅಂದರೆ ಕರಗಿದ ಒಟ್ಟು ಲವಣ, ಲೀಟರಿಗೆ 1,100 ಮಿಲಿಗ್ರಾಂ ಆಸುಪಾಸು. ಒಟ್ಟು ಗಡಸುತನ ನಾನೇ ಟೈಟ್ರೇಷನ್ ಎನ್ನುವ ಲ್ಯಾಬ್ ಪರೀಕ್ಷೆ ಮಾಡಿ ನೋಡಿದ್ದು, ಲೀಟರಿಗೆ 520 ಮಿಲಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ 200 ಇದ್ದರೆ ಒಳ್ಳೆಯದು, ಬೇರೆ ನೀರಿಲ್ಲದ ಕಡೆ 600ರ ತನಕ ಸಹಿಸಬಹುದು. ಮನುಷ್ಯ ಸಹಿಸುತ್ತಾನೆ. ಕಾದ ಲೋಹ ಸಹಿಸುವುದಿಲ್ಲ. ಆ 520ರಲ್ಲಿ ಸುಮಾರು 300 ತಾತ್ಕಾಲಿಕ ಗಡಸು, ಅಂದರೆ ಕರಗಿದ ಬೈಕಾರ್ಬೊನೇಟ್. ಬಿಸಿ ತಾಗಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಣ್ಣ ಕೂರುತ್ತದೆ. ಹಂಡೆಯ ತಳದಲ್ಲಿ, ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಚಕ್ಕೆ ಇದೇ. ದಿನಕ್ಕೆ ಅರ್ಧ ಲೀಟರಿನಂತೆ ಎರಡು ತಿಂಗಳಿಗೆ ಮೂವತ್ತು ಲೀಟರ್. ಲೆಕ್ಕ ಹಾಕಿ: ಒಂಬತ್ತು ಗ್ರಾಂ ಸುಣ್ಣ ಆ ತೆಳು ದಾರಿಯಲ್ಲಿ ಹಾದು ಹೋಗಿದೆ. ಎಲ್ಲವೂ ಒಳಗೇ ಕೂರುವುದಿಲ್ಲ. ಕಾಲುಭಾಗ ಕೂತರೂ ಸಾಕು.

ಕೆಲಸದಲ್ಲಿದ್ದಾಗ ಇದೇ ಸುಣ್ಣವನ್ನು ಬಾಯ್ಲರಿಗೆ ಬಿಡದಿರುವುದು ನಮ್ಮ ವಿಭಾಗದ ಹೊಣೆ. ಎಂಟು ಘಟಕ, 1,720 ಮೆಗಾವಾಟ್, ಪಕ್ಕದಲ್ಲೇ ಕೃಷ್ಣಾ ನದಿ. ಆ ನದಿಯ ನೀರನ್ನು ಡಿಎಂ ಪ್ಲಾಂಟಿನಲ್ಲಿ ಖನಿಜ ಪೂರ್ತಿ ತೆಗೆದ ಮೇಲೇ ಬಾಯ್ಲರಿಗೆ ಬಿಡುವುದು. ಟ್ಯೂಬಿನ ಒಳಗೋಡೆಗೆ ತೆಳುವಾಗಿ ಸ್ಕೇಲ್, ಅಂದರೆ ಸುಣ್ಣದಂಥ ಪದರ, ಕಟ್ಟಿದರೂ ಶಾಖ ನೀರಿಗೆ ದಾಟುವುದಿಲ್ಲ, ಲೋಹ ಕಾದು ಉಬ್ಬುತ್ತದೆ, ಕೊನೆಗೆ ಒಡೆಯುತ್ತದೆ. ಅಲ್ಯೂಮಿನಿಯಂ ಸಾಗಿಸುವ ಶಾಖದ ಸುಮಾರು ನೂರನೇ ಒಂದು ಪಾಲನ್ನು ಮಾತ್ರ ಸುಣ್ಣದ ಪದರ ಸಾಗಿಸುತ್ತದೆ. ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಇದ್ದದ್ದೂ ಒಂದು ಬಾಯ್ಲರೇ, ಅಂಗೈಯಗಲದ್ದು.

ರೋಗ ಮೊದಲು ಕಂಡದ್ದು ಸದ್ದಿನಲ್ಲಿ. ಗುರ್ ಎನ್ನುತ್ತಿದ್ದ ಪಂಪ್ ಗೊರಗೊರ ಎನ್ನತೊಡಗಿತು. ಆಮೇಲೆ ಕಾಫಿಯ ಬಿಸಿ ಕಡಿಮೆಯಾಗತೊಡಗಿತು. ಹೊಸದರಲ್ಲಿ ಕಪ್ಪಿನಲ್ಲಿ ಥರ್ಮಾಮೀಟರ್ ಅದ್ದಿ ನೋಡಿದ್ದೆ, 79 ಡಿಗ್ರಿ. ಈಗ 64. ಹೀಟರಿನ ಲೋಹ ಕಾದಿದೆ, ಅದಕ್ಕೆ ಅಂಟಿಸಿದ ಸೆನ್ಸರ್ ಸಾಕೆಂದು ಕರೆಂಟು ಕಡಿಯುತ್ತದೆ, ನೀರು ಮಾತ್ರ ಸುಣ್ಣದ ಆಚೆ ಬದಿಯಲ್ಲಿ ತಣ್ಣಗೆ ಹೋಗುತ್ತಿದೆ. ಮೂರನೆಯ ವಾರ ಧಾರೆ ಹೋಗಿ ಹನಿ ಹನಿಯಾಯಿತು. ಒಂದು ಮುಂಜಾನೆ ಎರಡೂ ದೀಪ ಒಟ್ಟಿಗೆ ಪಟಪಟ ಮಿನುಗಿ ಯಂತ್ರ ನಿಂತೇಬಿಟ್ಟಿತು.

ಕಂಪನಿಗೆ ಫೋನ್ ಮಾಡಿದೆ. ವಾರಂಟಿ ಮುಗಿದಿದೆ, ರಾಯಚೂರಿಗೆ ನಮ್ಮ ಸರ್ವಿಸ್ ಇಲ್ಲ, ಪ್ಯಾಕ್ ಮಾಡಿ ಕೊರಿಯರ್ ಮಾಡಿ ಎಂದರು. ಹೋಗಿ ಬರುವ ಖರ್ಚು ನನ್ನದು, ದುರಸ್ತಿಯ ಅಂದಾಜು ನೋಡಿದ ಮೇಲೆ. ಯಂತ್ರ ಚೆನ್ನಾಗಿ ಮಾಡುತ್ತಾರೆ, ಸಣ್ಣ ಊರಿನ ಗಿರಾಕಿಯನ್ನು ಹೀಗೆ ಕೈಬಿಡುವುದು ಸರಿಯಲ್ಲ. ಇಷ್ಟು ದುಡ್ಡು ತೆಗೆದುಕೊಂಡ ಮೇಲೆ ಕಲಬುರಗಿಗೋ ಬಳ್ಳಾರಿಗೋ ತಿಂಗಳಿಗೊಮ್ಮೆ ಒಬ್ಬ ಟೆಕ್ನಿಷಿಯನ್ ಬಂದು ಹೋದರೂ ಸಾಕಿತ್ತು.

ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ತೀನ್ ಕಂದೀಲ್ ಹತ್ತಿರದ ಸಂದಿಯಲ್ಲಿ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡುವವರ ಬಳಿ ಹೋದೆ. ನಮ್ಮ ಮನೆಯ ಮಿಕ್ಸಿಗೆ ಎರಡು ಸಲ ಜೀವ ಕೊಟ್ಟವರು. ತಿರುಗಿಸಿ ಮುರುಗಿಸಿ ನೋಡಿದರು, ತಳದ ಸ್ಕ್ರೂಗಳ ಮೇಲೆ ಬೆರಳಾಡಿಸಿದರು. ಅವುಗಳ ತಲೆ ಅಂಡಾಕಾರ, ಮಾಮೂಲಿ ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ. ಟ್ಯಾಂಕಿಗೆ ನೀರು ಹಾಕಿ, ಪ್ಲಗ್ ಚುಚ್ಚಿ, ಕಿವಿ ಹತ್ತಿರ ಇಟ್ಟು ಕೇಳಿದರು.

“ಸರ, ಮೋಟರ್ ಸೌಂಡ್ ಚಲೋ ಐತ್ರಿ. ನೀರು ಹೋಗೋ ದಾರಿ ಬಂದ್ ಆಗೈತಿ. ಬಿಚ್ಚಿದ್ರ ಮತ್ತ ಹಂಗ ಕೂಡ್ಸ್ತೀನಂತ ಗ್ಯಾರಂಟಿ ಕೊಡಂಗಿಲ್ರಿ ನಾ. ನೀವ ಆಸಿಡ್ ಲ್ಯಾಬ್‌ನಾಗ ಇದ್ದವ್ರು, ಒಳಗಿನ ಕಿಟ್ಟ ನೀವ ತೆಗೀರಿ.”

ಇಪ್ಪತ್ತು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ. ಆ ದಿನ ಅವರು ಬಿಚ್ಚಿದ್ದರೆ ಈ ರಿವ್ಯೂ ಇರುತ್ತಿರಲಿಲ್ಲ. ಬರದ ಕೆಲಸವನ್ನು ಬರುವುದಿಲ್ಲ ಎಂದು ಹೇಳಿ, ತೊಂದರೆ ಎಲ್ಲಿದೆ ಎಂದು ಕಿವಿಯಿಂದಲೇ ಹುಡುಕಿಕೊಟ್ಟವರು ಅವರು. ಐದಕ್ಕೆ ಐದು ನಕ್ಷತ್ರ ಯಾರಿಗಾದರೂ ಕೊಡುವುದಿದ್ದರೆ ನಾನು ಅವರಿಗೇ ಕೊಡುತ್ತೇನೆ.

ಮನೆಗೆ ಬಂದು ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ತಂದೆ. ಅರ್ಧ ಲೀಟರ್ ನೀರಿಗೆ ಮೂರು ದೊಡ್ಡ ಚಮಚ ತುಂಬ ಕರಗಿಸಿ, ಕ್ಯಾಪ್ಸೂಲ್ ಇಲ್ಲದೆ ಲುಂಗೊ ಗುಂಡಿ ಒತ್ತಿದೆ. ಮೊದಲ ಕಪ್ ಅಕ್ಕಿ ತೊಳೆದ ನೀರಿನಂತೆ ಬಂತು, ಮೇಲೆ ಸಣ್ಣಗೆ ಬುರುಗು. ತಳದಲ್ಲಿ ಕೂತದ್ದನ್ನು ಎರಡು ಬೆರಳ ನಡುವೆ ಉಜ್ಜಿದೆ, ಸಣ್ಣ ಮರಳಿನಂತೆ ಗರಗರ. ಹನಿ ದಾರವಾಯಿತು, ದಾರ ಧಾರೆಯಾಯಿತು. ಖುಷಿಯಾಗಿ ಉಳಿದದ್ದನ್ನೂ ಬಿಸಿಬಿಸಿಯಾಗಿಯೇ ಓಡಿಸಿದೆ. ನಾಲ್ಕನೆಯ ಕಪ್ಪಿಗೆ ಧಾರೆ ಮತ್ತೆ ಸಣ್ಣಗಾಯಿತು. ಐದನೆಯದಕ್ಕೆ ಹನಿ.

ಸ್ಟೂಲ್ ಎಳೆದು ಕೂತು ಯೋಚಿಸಿದೆ. ಆಗ ಹೊಳೆಯಿತು. ನಿಂಬೆ ಉಪ್ಪು ಸುಣ್ಣವನ್ನು ಕರಗಿಸಿದಾಗ ಹುಟ್ಟುವುದು ಕ್ಯಾಲ್ಸಿಯಂ ಸಿಟ್ರೇಟ್. ಬಹಳ ಲವಣಗಳು ಬಿಸಿಯಲ್ಲಿ ಹೆಚ್ಚು ಕರಗುತ್ತವೆ, ಇದು ಮಾತ್ರ ತಣ್ಣೀರಿನಲ್ಲಿ ಹೆಚ್ಚು, ಬಿಸಿಯಲ್ಲಿ ಕಡಿಮೆ. ಗಾಢ ದ್ರಾವಣವನ್ನು ಬಿಸಿಯಾಗಿ ಓಡಿಸಿ, ಒಂದು ಬಿಳಿಯನ್ನು ತೆಗೆದು ಅದೇ ಜಾಗದಲ್ಲಿ ಇನ್ನೊಂದು ಬಿಳಿಯನ್ನು ನಾನೇ ಕೂರಿಸುತ್ತಿದ್ದೆ. ಬಿಸಿ ಮಾಡಿ ರಾತ್ರಿಯಿಡೀ ಬಿಡಿ ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ದಯವಿಟ್ಟು ಕೇಳಬೇಡಿ.

ಮರುದಿನ ಲೀಟರಿಗೆ ಎರಡು ಸಣ್ಣ ಚಮಚ ಮಾತ್ರ ಹಾಕಿ ತಿಳಿಯಾದ ದ್ರಾವಣ ಮಾಡಿದೆ. ಸ್ವಲ್ಪ ಒಳಗೆಳೆದ ತಕ್ಷಣ ಸ್ವಿಚ್ ಆರಿಸಿ, ಇಪ್ಪತ್ತು ನಿಮಿಷ ಯಂತ್ರ ತಣ್ಣಗಾಗಲು ಬಿಟ್ಟೆ. ಮತ್ತೆ ಹಚ್ಚಿ ಆ ನೀರನ್ನು ಹೊರಗೆ ತಳ್ಳಿದೆ, ಹೊಸದು ಎಳೆದೆ, ಆರಿಸಿದೆ. ಒಂದು ಮಧ್ಯಾಹ್ನದಲ್ಲಿ ಏಳು ಸಲ. ಹೆಂಡತಿ ಎರಡು ಬಾರಿ ಬಂದು ನೋಡಿ, “ಏನ್ರಿ, ಪ್ಲಾಂಟ್‌ನಾಗಿನ ಶಟ್‌ಡೌನ್ ಮನಿಗೂ ಬಂತೇನ್ರಿ” ಎಂದಳು. ಏಳನೆಯ ಸಲ ಬಂದ ನೀರು ಕನ್ನಡಿಯಂತಿತ್ತು. ಆಮೇಲೆ ಎರಡು ಟ್ಯಾಂಕ್ ಬರೀ ಒಳ್ಳೆಯ ನೀರು ಓಡಿಸಿ ಒಂದು ಕ್ಯಾಪ್ಸೂಲ್ ಹಾಕಿದೆ. 77 ಡಿಗ್ರಿ. ನೊರೆ ತಿರುಗಿ ಬಂದಿತ್ತು.

ಈಗ ನಾನು ಬಳಸುವುದು ಲ್ಯಾಕ್ಟಿಕ್ ಆಸಿಡ್ ಇರುವ ಡಿಸ್ಕೇಲರ್, ಅಂದರೆ ಸುಣ್ಣ ಕರಗಿಸುವ ದ್ರಾವಣ, ಆನ್‌ಲೈನಿನಲ್ಲಿ ಸಿಗುತ್ತದೆ. ಕ್ಯಾಲ್ಸಿಯಂ ಲ್ಯಾಕ್ಟೇಟ್ ಬಿಸಿ ನೀರಿನಲ್ಲೂ ಚೆನ್ನಾಗಿ ಕರಗುವುದರಿಂದ ಆ ಸಮಸ್ಯೆ ಇಲ್ಲ. ನಿಂಬೆ ಉಪ್ಪಿಗಿಂತ ದುಬಾರಿ, ಕೊಟ್ಟ ದುಡ್ಡಿಗೆ ಬೆಲೆಯುಂಟು. ವಿನೆಗರ್ ಬೇಡ, ವಾಸನೆ ವಾರಗಟ್ಟಲೆ ಹೋಗುವುದಿಲ್ಲ, ರಬ್ಬರ್ ಸೀಲುಗಳಿಗೂ ಒಳ್ಳೆಯದಲ್ಲ. ಬಚ್ಚಲು ತೊಳೆಯುವ ಆಸಿಡ್ ಬಾಟಲಿಯನ್ನಂತೂ ಯಂತ್ರದ ಹತ್ತಿರವೂ ತರಬೇಡಿ. ಅದು ಹೈಡ್ರೋಕ್ಲೋರಿಕ್, ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಬಾಯ್ಲರನ್ನು ಆಸಿಡ್ಡಿನಿಂದ ತೊಳೆಯುವಾಗಲೂ ಲೋಹ ಕಾಯುವ ಇನ್‌ಹಿಬಿಟರ್ ಬೆರೆಸದೆ ಒಂದು ಹನಿ ಒಳಗೆ ಬಿಡುವುದಿಲ್ಲ. ಕುಡಿಯುವ ವಸ್ತು ಹಾದುಹೋಗುವ ಯಂತ್ರದಲ್ಲಿ ಆ ಪ್ರಯೋಗಕ್ಕೆ ಜಾಗವೇ ಇಲ್ಲ.

ದೀಪ ಮಿನುಗುವ ತನಕ ಕಾಯಬಾರದು ಎಂಬುದು ನಾನು ಕಲಿತ ದೊಡ್ಡ ಪಾಠ. ನನ್ನ ಯಂತ್ರ ಕಪ್ಪುಗಳನ್ನು ಎಣಿಸಿ ದೀಪ ಹಚ್ಚುತ್ತದೆ, ಒಳಗೆ ಹೋದ ನೀರು ಎಂಥದೆಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಒಳಗೊಂದು ಫ್ಲೋಮೀಟರ್ ಇದೆ, ನೀರನ್ನು ಅಳೆದೇ ಬಿಡುತ್ತದೆ. ದಾರಿ ಕಿರಿದಾದರೂ 110 ಮಿಲಿ ಪೂರ್ತಿ ಬರುತ್ತದೆ, ಹಿಡಿಯುವ ಹೊತ್ತು ಮಾತ್ರ ಹೆಚ್ಚುತ್ತದೆ. ಆದ್ದರಿಂದ ಪ್ರತಿ ತಿಂಗಳ ಮೊದಲ ಭಾನುವಾರ ಕ್ಯಾಪ್ಸೂಲ್ ಇಲ್ಲದೆ ಲುಂಗೊ ಒತ್ತಿ ಮೊಬೈಲಿನಲ್ಲಿ ಸಮಯ ನೋಡುತ್ತೇನೆ. ಆರೋಗ್ಯವಾಗಿದ್ದಾಗ 26 ಸೆಕೆಂಡು. ಕಾಯಿಲೆ ಬಿದ್ದಾಗ ಒಂದು ನಿಮಿಷ ಹತ್ತು ಸೆಕೆಂಡು ಹಿಡಿದಿತ್ತು. 32 ದಾಟಿದರೆ ಅಂದೇ ತೊಳೆಯುತ್ತೇನೆ. ನಿಮ್ಮ ಯಂತ್ರ ಹೊಸದಿದ್ದಾಗಲೇ ಈ ಸಮಯವನ್ನು ಬರೆದಿಟ್ಟುಕೊಳ್ಳಿ, ಒಂದೊಂದು ಯಂತ್ರದ್ದು ಒಂದೊಂದು ಇರುತ್ತದೆ.

ನೀರಿನ ವಿಷಯ ಇನ್ನೂ ಸ್ವಲ್ಪ ಇದೆ. ಬರೀ ಆರ್‌ಓ ನೀರು ಯಂತ್ರಕ್ಕೆ ಸುಖ, ನಾಲಿಗೆಗೆ ಸಪ್ಪೆ. ನಮ್ಮ ಆರ್‌ಓ ನೀರಿನ ಟಿಡಿಎಸ್ 35, ಅದರಲ್ಲಿ ಕಾಫಿಯ ರುಚಿ ಬಿಚ್ಚಿಕೊಳ್ಳುವುದಿಲ್ಲ. ನಳದ ನದಿ ನೀರನ್ನು ಸೋಸಿ, ಮೂರು ಪಾಲು ಆರ್‌ಓಗೆ ಒಂದು ಪಾಲು ಸೇರಿಸಿ, 100ರಿಂದ 120ರೊಳಗೆ ತಂದುಕೊಳ್ಳುತ್ತೇನೆ. ಪೆನ್ನಿನಷ್ಟು ದೊಡ್ಡದಾದ ಟಿಡಿಎಸ್ ಮೀಟರ್ ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ, ಯಂತ್ರ ಕೊಂಡವರು ಅದನ್ನೂ ಕೊಳ್ಳಿ. ಆರ್‌ಓ ಇಲ್ಲದವರು ಬೋರಿನ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ರಾತ್ರಿ ಇಟ್ಟು, ಮುಂಜಾನೆ ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ತಾತ್ಕಾಲಿಕ ಗಡಸು ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಯಂತ್ರದಲ್ಲಿ ಕಟ್ಟಬೇಕಾದ ಸುಣ್ಣ ಪಾತ್ರೆಯಲ್ಲಿ ಕಟ್ಟಲಿ, ಪಾತ್ರೆಯನ್ನು ಉಜ್ಜಬಹುದು.

ಇನ್ನೊಂದು ಸಲ ಯಂತ್ರ ಸತ್ತಂತೆ ಮಾಡಿದ್ದು ಗಾಳಿಯಿಂದ. ಮೊಮ್ಮಗುವನ್ನು ನೋಡಲು ಬೆಂಗಳೂರಿಗೆ ಹೋಗಿ ತಿಂಗಳು ಬಿಟ್ಟು ಬಂದೆವು. ಟ್ಯಾಂಕ್ ಒಣಗಿತ್ತು. ನೀರು ತುಂಬಿ ಗುಂಡಿ ಒತ್ತಿದರೆ ಪಂಪ್ ಜೋರಾಗಿ ಒದರುತ್ತದೆ, ಒಂದು ಹನಿಯೂ ಬರುವುದಿಲ್ಲ. ಕೈಪಂಪು ಗಾಳಿ ಹಿಡಿದಾಗ ಮೇಲಿಂದ ಒಂದು ಚೊಂಬು ನೀರು ಹಾಕುತ್ತೇವಲ್ಲ, ಉಪಾಯ ಅದೇ. ಮೆಡಿಕಲ್ ಶಾಪಿನಿಂದ ಹತ್ತು ಮಿಲಿಯ ಸಿರಿಂಜ್ ತಂದು, ಸೂಜಿ ತೆಗೆದು, ಟ್ಯಾಂಕ್ ಕೂರುವ ಜಾಗದ ರಂಧ್ರಕ್ಕೆ ನೀರನ್ನು ಮೆಲ್ಲಗೆ ಒತ್ತಿದೆ. ಟ್ಯಾಂಕ್ ಕೂರಿಸಿ, ಪಂಪ್ ಓಡುವಾಗ ಮೇಲಿನ ಹಿಡಿಕೆಯನ್ನು ಎರಡು ಮೂರು ಸಲ ಎತ್ತಿ ಇಳಿಸಿದೆ. ಬುಸ್ ಎಂದು ಗಾಳಿ ಬಿಟ್ಟು ನೀರು ಬಂತು. ಆ ಸಿರಿಂಜ್ ಈಗ ಯಂತ್ರದ ಹಿಂದೆಯೇ ಇರುತ್ತದೆ.

ದಿನದ ಕೆಲಸ ಹೆಚ್ಚಿಲ್ಲ. ಕಾಫಿ ಆದ ಕೂಡಲೇ ಕ್ಯಾಪ್ಸೂಲ್ ಬೀಳಿಸಿ ಒಂದು ಕಪ್ ಬರೀ ನೀರು ಓಡಿಸಿದರೆ ಮೂತಿ ಸ್ವಚ್ಛ. ಬಳಸಿದ ಕ್ಯಾಪ್ಸೂಲಿನ ಡಬ್ಬಿಯನ್ನು ಅಂದಂದೇ ಖಾಲಿ ಮಾಡಬೇಕು. ನಮ್ಮ ಬಿಸಿಲಿಗೆ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಜಿರಳೆ ಬೆಚ್ಚಗಿನ ಜಾಗ ಹುಡುಕಿಕೊಂಡು ತಳಕ್ಕೆ ಬರುತ್ತದೆ, ಒಮ್ಮೆ ತಟ್ಟೆ ಎಳೆದಾಗ ಕೈಮೇಲೇ ಹತ್ತಿತು. ತಟ್ಟೆ ಒಣಗಿರಲಿ, ರಾತ್ರಿ ಪ್ಲಗ್ ತೆಗೆಯಿರಿ. ಕಾಫಿ ಕಪ್ಪಿಗೆ ಕಡಿಮೆ ಬಂದು ಡಬ್ಬಿಗೆ ಹೆಚ್ಚು ಸೋರುತ್ತಿದ್ದರೆ ಮೊದಲು ಕ್ಯಾಪ್ಸೂಲ್ ಬದಲಿಸಿ ನೋಡಿ. ಅಗ್ಗದ ಪ್ಲಾಸ್ಟಿಕ್ ಕ್ಯಾಪ್ಸೂಲುಗಳ ಅಂಚು ಸರಿಯಾಗಿ ಕೂರುವುದಿಲ್ಲ. ಸಿಕ್ಕಿಬಿದ್ದರೆ ಚಾಕು ಹಾಕಿ ಎಬ್ಬಬೇಡಿ, ತಣ್ಣಗಾಗಲು ಬಿಟ್ಟರೆ ತಾನೇ ಬೀಳುತ್ತದೆ. ಇನ್ವರ್ಟರ್ ಮೇಲೆ ಓಡಿಸಬೇಡಿ, ಕಾಯುವಾಗ 1,300 ವ್ಯಾಟ್ ಎಳೆಯುತ್ತದೆ. ಕರೆಂಟು ಹೋದಾಗ ನಮ್ಮ ಮನೆಯಲ್ಲಿ ಗ್ಯಾಸಿನ ಮೇಲೆ ಚಹಾನೇ.

ಖರ್ಚಿನ ಮಾತು. ನಾನು ತರಿಸುವ ಕ್ಯಾಪ್ಸೂಲ್ ಒಂದಕ್ಕೆ 45 ರೂಪಾಯಿ ಬೀಳುತ್ತದೆ. ಒಳಗಿರುವುದು ಐದು ಗ್ರಾಂ ಆಸುಪಾಸು ಪುಡಿ. ದಿನಕ್ಕೆ ಎರಡೆಂದರೆ ತಿಂಗಳಿಗೆ 2,700, ಪಿಂಚಣಿಯಲ್ಲಿ ಅದು ಸಣ್ಣದಲ್ಲ. ಹಾಗಾಗಿ ಮುಂಜಾನೆಯದು ಮಾತ್ರ ಕ್ಯಾಪ್ಸೂಲ್, ಉಳಿದದ್ದು ಮತ್ತೆ ಮತ್ತೆ ತುಂಬುವ ಸ್ಟೀಲ್ ಕ್ಯಾಪ್ಸೂಲಿನಲ್ಲಿ ಚಿಕ್ಕಮಗಳೂರಿನ ಪುಡಿ. ಚಿಕೋರಿ ಇಲ್ಲದ, ನುಣ್ಣಗೆ ಬೀಸಿದ ಪುಡಿಯೇ ಆಗಬೇಕು. ಚಿಕೋರಿ ಬೆರೆತದ್ದನ್ನು ಹಾಕಿ ನೋಡಿದೆ, ಒದ್ದೆಯಾಗಿ ಅಂಟು ಹಿಡಿದು ದಾರಿ ಮುಚ್ಚಿತು. ನೊರೆ ಅಂಗಡಿ ಕ್ಯಾಪ್ಸೂಲಿನಷ್ಟು ಬರುವುದಿಲ್ಲ, ಘಮ ಅದಕ್ಕಿಂತ ಚೆನ್ನ.

ಯಂತ್ರಕ್ಕೆ ನನ್ನ ಲೆಕ್ಕ ಐದಕ್ಕೆ ಮೂರೂವರೆ. ಅರ್ಧ ಕಡಿಮೆಯಾದದ್ದು ಬಿಚ್ಚಲಾಗದ ಸ್ಕ್ರೂಗಳಿಗೆ, ಒಂದು ಕಡಿಮೆಯಾದದ್ದು ಸರ್ವಿಸಿಗೆ. ಮನೆ ತುಂಬ ಜನ, ಎಲ್ಲರಿಗೂ ಒಟ್ಟಿಗೆ ಕಾಫಿ ಎನ್ನುವವರು ಕೊಳ್ಳಬೇಡಿ, ಹಿತ್ತಾಳೆ ಫಿಲ್ಟರ್ ಸಾಕು. ನನ್ನ ಹಾಗೆ ಹೊತ್ತಲ್ಲದ ಹೊತ್ತಿಗೆ ಒಬ್ಬರೇ ಏಳುವವರು, ರಾತ್ರಿ ಪಾಳಿಯ ನರ್ಸುಗಳು, ಓದುವ ಮಕ್ಕಳಿರುವವರು ಕೊಳ್ಳಬಹುದು. ಅದಕ್ಕೆ ಮೊದಲು ಮನೆಯ ನೀರಿಗೆ ಮೀಟರ್ ಅದ್ದಿ ನೋಡಿ.

ಕಳೆದ ಭಾನುವಾರ 31 ಸೆಕೆಂಡು ಬಂತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರುವ ಗುರುವಾರದ ಮನೆಯಲ್ಲಿ, ಗ್ಯಾಸ್ ಬುಕ್ ಮಾಡಿದ ತಾರೀಖಿನ ಕೆಳಗೆ, ಹೆಂಡತಿ ಪೆನ್ಸಿಲಿನಿಂದ ಬರೆದಿಟ್ಟಿದ್ದಾಳೆ: ‘ಕಾಫಿ ಮಿಷನ್ ತೊಳಿಯೋದು’.